ಕಪ್ಪು ಹಕ್ಕಳೆಯ ಕೆಳಗೆ

"ಶಾಲೆ ಬಿಟ್ಟ ಕತ್ತೆಗೆ ತಗಡು ತಿಕ್ಕೋದಾದ್ರೂ ಬರುತ್ತೆ ಅನ್ಕೊಂಡಿದ್ದೆ. ಅದೂ ಬರಲ್ವಲ್ಲೋ ನಿಂಗೆ!"

ಹೀಗೆ ಬೈದವರು ನನ್ನ ಸೋದರಮಾವ. ಬೈದದ್ದು ನಮ್ಮ ಗ್ಯಾರೇಜಿನ ಬಾಗಿಲಲ್ಲಿ, ಗಿರಾಕಿಗಳೆಲ್ಲರ ಎದುರಿಗೆ. ಗುದ್ದಿಸಿಕೊಂಡು ಬಂದ ಗಾಡಿಗಳ ಮೈ ನೇರ ಮಾಡಿ ಬಣ್ಣ ಹೊಡೆಯುವುದು ನಮ್ಮ ಕೆಲಸ. ಒಂದು ವ್ಯಾನಿನ ಬಾಗಿಲಿಗೆ ನಾನು ತಗ್ಗು ತುಂಬುವ ಪುಟ್ಟಿ ಬಳಿದಿದ್ದೆ. ಕೆಳಮೂಲೆಯಲ್ಲಿ ಉಗುರಿನಷ್ಟು ತುಕ್ಕು ಉಳಿದಿತ್ತಂತೆ. ಮಾವ ಉಳಿಯ ತುದಿಯಿಂದ ಪುಟ್ಟಿ ಎಬ್ಬಿಸಿದರು. ಅಡಿಯ ತಗಡು ಒಣಗಿದ ಎಲೆಯ ಹಾಗೆ ಪುಡಿಯಾಯಿತು.

"ನೋಡು. ಮೇಲೆ ನುಣ್ಣಗಿದ್ರೆ ಸಾಕಾ? ತುಕ್ಕು ಅಂದ್ರೆ ಸತ್ತ ತಗಡು. ಹೊಳೆಯೋ ತಗಡು ಸಿಗೋವರ್ಗೂ ಕೆರೀಬೇಕು. ಇಲ್ಲಾಂದ್ರೆ ಪಕ್ಕದ್ದನ್ನೂ ತಿನ್ನುತ್ತೆ."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ತಲೆ ತಗ್ಗಿಸಿದೆ. ತಗ್ಗಿಸಿದಾಗ ಕಣ್ಣಿಗೆ ಬಿದ್ದದ್ದು ಮಾವನ ಬಲಗಾಲು. ಹೆಬ್ಬೆರಳಿಗೆ ಮಾಸ್ಕಿಂಗ್ ಟೇಪು ಸುತ್ತಿಕೊಂಡಿದ್ದರು. ಬಣ್ಣ ತಾಗದಿರಲಿ ಎಂದು ಗಾಜಿಗೆ ಅಂಟಿಸುತ್ತೇವಲ್ಲ, ಅದೇ ಕಾಗದದ ಟೇಪು. ನಮ್ಮ ಕಸುಬಿನವರ ರೂಢಿ ಇದು. ಎಲ್ಲಿ ಕೊಯ್ದರೂ ಟೇಪು ಸುತ್ತಿ ಕೆಲಸಕ್ಕೆ ನಿಲ್ಲುವುದು. ಬ್ಯಾಂಡೇಜು ಕೇಳಿದವನನ್ನು "ಬಾಣಂತಿ ಬಂದ್ಳು, ಚಾಪೆ ಹಾಕ್ರೋ" ಎಂದು ಗೇಲಿ ಮಾಡುವುದು.

ಅಲ್ಲಿ ನಗದೆ ನಿಂತಿದ್ದವರು ಒಬ್ಬರೇ. ಹಿಂದಿನ ಬೀದಿಯ ಆರೋಗ್ಯ ಕೇಂದ್ರದ ನರ್ಸು. ಸ್ಕೂಟರಿನ ಮಡ್‌ಗಾರ್ಡು ಸರಿಮಾಡಿಸಲು ಬಂದಿದ್ದರು. ಅವರೂ ಆ ಕಾಲನ್ನೇ ನೋಡುತ್ತಿದ್ದರು.

"ಮೇಸ್ತ್ರಿ, ಕಾಲಿಗೇನಾಯ್ತು?"

"ತಗಡು ಕೊಯ್ದಿತ್ತು ಸಿಸ್ಟರ್. ಹಳೇದು. ಹಕ್ಕಳೆ ಕಟ್ಟಿದೆ, ಮಾಯ್ತಾ ಇದೆ."

"ನಿಮ್ಗೆ ಸಕ್ಕರೆ ಕಾಯಿಲೆ ಇದೆ ಅಲ್ವಾ? ಟೇಪು ಬಿಚ್ಚಿ ನೋಡೋಣ."

ಮಾವ ನಗುತ್ತಲೇ ಬಿಚ್ಚಿದರು. ಬೆರಳ ಮೇಲೆ ಕರ್ರಗೆ, ಗಟ್ಟಿಯಾಗಿ, ಟಾರು ಮೆತ್ತಿದ ಹಾಗಿತ್ತು.

"ಒಂಚೂರೂ ನೋವಿಲ್ಲ. ಬೇಕಾದ್ರೆ ತಟ್ಟಿ ನೋಡಿ, ಟಣ್ ಅನ್ನುತ್ತೆ."

"ನೋವಿಲ್ಲ ಅಂತಾನೇ ನಂಗೆ ಭಯ. ಸಕ್ಕರೆ ಕಾಯಿಲೇಲಿ ಕಾಲಿನ ನರ ಮಂಕಾಗುತ್ತೆ, ನೋವು ಗೊತ್ತಾಗಲ್ಲ. ಇದು ಹಕ್ಕಳೆ ಅಲ್ಲ ಮೇಸ್ತ್ರಿ, ಸತ್ತ ಮಾಂಸ. ಸುತ್ತ ಕೆಂಪಗೆ ಊದಿರೋದು ಕಾಣಲ್ವಾ? ಸತ್ತ ಕಡೆಗೆ ರಕ್ತ ಹೋಗಲ್ಲ. ರಕ್ತ ಹೋಗದ ಕಡೆಗೆ ಮಾತ್ರೆ ಔಷಧಿನೂ ಹೋಗಲ್ಲ. ಅಡೀಲಿ ಕೀವು ಮನೆ ಮಾಡ್ಕೊಂಡು ಕೂತಿರುತ್ತೆ. ಡಾಕ್ಟ್ರು ಸತ್ತಿದ್ದನ್ನ ತೆಗೆದು ಶುಚಿ ಮಾಡಿದ್ರೆ ಕೆಳಗಿನ ಜೀವ ಇರೋ ಮಾಂಸ ಬೆಳೆಯುತ್ತೆ. ಇವತ್ತೇ ಬನ್ನಿ."

"ಕತ್ತರಿಸ್ತಾರೆ ಅನ್ನಿ."

"ಸತ್ತಿದ್ದನ್ನ ಮಾತ್ರ."

"ನಂಗೊತ್ತಿಲ್ವಾ ಸಿಸ್ಟರ್? ಒಂದ್ಸಲ ಕತ್ತರಿ ಆಡ್ಸಿದ್ರೆ ಇವತ್ತು ಬೆರಳು, ನಾಳೆ ಮಂಡಿ. ನಿಮ್ಮ ಸ್ಕೂಟರ್ ವಿಷ್ಯ ಮಾತಾಡಿ. ನನ್ನ ಕಾಲಿಗೆ ನಾನೇ ಮೇಸ್ತ್ರಿ."

ನನಗೆ ತಡೆಯಲಾಗಲಿಲ್ಲ. "ಮಾವ, ಹೊಳೆಯೋ ತಗಡು ಸಿಗೋವರ್ಗೂ ಕೆರೀಬೇಕು ಅಂತ ಈಗ ತಾನೇ ನೀವೇ..."

"ಬಾಯ್ಮುಚ್ಚು! ಮೈ ಅಂದ್ರೆ ತಗಡೇನೋ? ಬಂದ್ಬಿಟ್ಟ ದೊಡ್ಡ ಡಾಕ್ಟ್ರು!"

ಮತ್ತೆ ಎಲ್ಲರೂ ನಕ್ಕರು. ಮಾವ ಹೊಸ ಟೇಪು ಸುತ್ತಿಕೊಂಡರು. ನರ್ಸು ಹೋಗುವಾಗ ನನಗೆ ಹೇಳಿದರು, "ವಾಸನೆ ಬಂದ್ರೆ, ಜ್ವರ ಬಂದ್ರೆ ಒಂದು ಗಳಿಗೆನೂ ಕಾಯ್ಬೇಡಪ್ಪ."

ವಾಸನೆ! ನಮ್ಮ ಗ್ಯಾರೇಜಿನಲ್ಲಿ ಯಾರಿಗೆ ಯಾವ ವಾಸನೆ ತಿಳಿಯುತ್ತದೆ? ಬೆಳಗಿನಿಂದ ಸಂಜೆಯವರೆಗೂ ಬಣ್ಣ ತೆಳುಮಾಡುವ ಥಿನ್ನರಿನ ಘಾಟು. ಮೂಗು ಸತ್ತೇ ಹೋಗಿರುತ್ತದೆ. ಆ ಘಾಟಿನೊಳಗೆ ಮಾವನ ಕಾಲು ಕೊಳೆಯುತ್ತಿತ್ತು. ನಾನು ಪಕ್ಕದಲ್ಲೇ ಕುಳಿತು ತಗಡು ತಿಕ್ಕುತ್ತಿದ್ದೆ.

ವಾಸನೆ ತಿಳಿದದ್ದು ಅತ್ತೆಗೆ. ನಾನೂ ಅವರ ಮನೆಯಲ್ಲೇ ಇರುವುದು; ಅಲ್ಲಿ ಥಿನ್ನರ್ ಇರಲಿಲ್ಲವಲ್ಲ.

"ಎಲ್ಲೋ ಇಲಿ ಸತ್ತಿದೆ ಕಣೋ" ಎಂದರು ನನಗೆ. ಇಬ್ಬರೂ ಬೀರು ಸರಿಸಿದೆವು. ಮಂಚದಡಿ ಗುಡಿಸಿದೆವು. ಅತ್ತೆ ಅಟ್ಟ ಹತ್ತಿ ಹಳೆ ಪಾತ್ರೆಗಳನ್ನೆಲ್ಲ ಇಳಿಸಿದರು. ಇಲಿ ಸಿಗಲಿಲ್ಲ. ನರ್ಸು ಹೇಳಿದ ಮಾತು ನನಗೆ ನೆನಪಾಗಲೇ ಇಲ್ಲ. ಮಾವ ಮಂಚದ ಮೇಲೆ ಕಾಲು ಚಾಚಿ ಕುಳಿತು, "ನಿಮ್ಮತ್ತೆ ಅಡಿಗೆನೇ ಇರ್ಬೇಕು, ನೋಡೋ" ಎಂದು ಹಾಸ್ಯ ಮಾಡಿದರು. ಅತ್ತೆ ನೆಲ ಒರೆಸಿದರು. ಮರುದಿನವೂ ಒರೆಸಿದರು.

ಆ ವಾರವೇ ಮಾವನಿಗೆ ಚಳಿಜ್ವರ ಬಂತು. ಹೊದಿಸಲು ಹೋದ ಅತ್ತೆ ಕಾಲಬುಡದಲ್ಲಿ ಬಗ್ಗಿದವರು ಹಾಗೆಯೇ ನಿಂತುಬಿಟ್ಟರು.

"ಇಲಿ ಅಲ್ಲ ಕಣೋ..." ಎಂದರು.

ಟೇಪು ಬಿಚ್ಚಿದಾಗ ಕಪ್ಪು ಪಕ್ಕದ ಬೆರಳುಗಳಿಗೂ ಹತ್ತಿತ್ತು. ಅಂಗಾಲು ಊದಿ ಮಿರಮಿರ ಮಿಂಚುತ್ತಿತ್ತು. ಆಟೋದಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಹೆಬ್ಬೆರಳಿನ ಉಗುರು ತೋರಿಸಿ, "ಮೊದ್ಲೇ ಬಂದಿದ್ರೆ ಇಷ್ಟು ತೆಗೆದು ಮುಗಿಸಬಹುದಿತ್ತೇನೋ" ಎಂದರು. "ಈಗ ಬೆರಳು ಉಳಿಸಕ್ಕಾಗಲ್ಲ. ಕಾಲು ಉಳಿಸೋಣ."

ಹೆಬ್ಬೆರಳು ಹೋಯಿತು. ಅದರ ಪಕ್ಕದ ಎರಡೂ ಹೋದವು. ಕೀವು ಹರಿದ ದಾರಿಯನ್ನೆಲ್ಲ ಬಿಡಿಸಿ, ಸತ್ತದ್ದನ್ನು ತೆಗೆದರು. ಒಂದೇ ಸಲಕ್ಕೆ ಮುಗಿಯಲಿಲ್ಲ. ಡ್ರೆಸಿಂಗ್ ಬಿಚ್ಚಿದಾಗಲೆಲ್ಲ ನೋಡಿ, ಇನ್ನೂ ಉಳಿದದ್ದನ್ನು ತೆಗೆಯುತ್ತಿದ್ದರು. ಮಾವ ಗೋಡೆಯ ಕಡೆ ಮುಖ ಮಾಡಿಕೊಂಡು ನನ್ನನ್ನು ಕೇಳುತ್ತಿದ್ದರು.

"ಹೇಗಿದೆಯೋ?"

"ಅಂಚಲ್ಲಿ ಇನ್ನೂ ಕಪ್ಪಿದೆ ಮಾವ."

ಒಂದು ದಿನ ಹೇಳಿದೆ, "ಎಲ್ಲಾ ಕೆಂಪಾಗಿದೆ. ಸಣ್ಣಗೆ ರಕ್ತ ಒಸರ್ತಾ ಇದೆ."

"ಅದು ಒಳ್ಳೇದು" ಎಂದರು ಡಾಕ್ಟರಮ್ಮ. "ಜೀವ ಇದೆ ಅಂತ ಅರ್ಥ."

ಮಾವ ಗೋಡೆಗೇ ಹೇಳಿದರು, "ಹೊಳೆಯೋ ತಗಡು ಸಿಕ್ತು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಈಗಲೂ ಮನೆ ಗುಡಿಸುವಾಗ ನಡುವೆ ಪೊರಕೆ ಹಿಡಿದು ನಿಂತುಬಿಡುತ್ತಾರೆ. "ಇಲಿ ಹುಡುಕ್ತಾ ಕೂತೆನಲ್ಲೋ" ಎನ್ನುತ್ತಾರೆ. ನಾನು ಪೊರಕೆ ತೆಗೆದುಕೊಂಡು ಉಳಿದದ್ದನ್ನು ಗುಡಿಸುತ್ತೇನೆ.

ಇದನ್ನು ಓದುತ್ತಿರುವವರೇ, ನಯವಾಗಿ ಹೇಳಲು ನನಗೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಮಾಯದ ಗಾಯ ಯಾರಿಗಿದೆ? ಈಗಲೇ ಎದ್ದು ಹೋಗಿ ನೋಡಿ. ಕಪ್ಪಾಗಿದೆಯೇ? ಹಳದಿ ಪೊರೆ ಕಟ್ಟಿದೆಯೇ? ಸುತ್ತ ಊದಿದೆಯೇ, ಬಿಸಿಯಾಗಿದೆಯೇ, ವಾಸನೆ ಬರುತ್ತಿದೆಯೇ? ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರವೂ ಇದ್ದರೆ ನಾಳೆಗೆ ಇಡಬೇಡಿ. ಸಕ್ಕರೆ ಕಾಯಿಲೆಯವರ ಕಾಲನ್ನು ದಿನಾ ನೋಡಿ, ಅಂಗಾಲು, ಬೆರಳ ಸಂದು ಎಲ್ಲ ನೋಡಿ. ನೋವಿಲ್ಲ ಎಂದು ಅವರು ಹೇಳಿದರೆ ನಂಬಿ ಕೂರಬೇಡಿ. ಹಾಗೆಂದು ಮನೆಯಲ್ಲಿ ಬ್ಲೇಡು ಹಿಡಿದು ನೀವೇ ಕೆರೆಯಲು ಹೋಗಬೇಡಿ, ಕೈಮುಗಿದು ಹೇಳುತ್ತೇನೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಹಾಗೇ ಬಿಡಬೇಕು ಎನ್ನುವುದು ಡಾಕ್ಟರಿಗೆ ಗೊತ್ತು. ಟೇಪು ಗಾಡಿಗೆ. ಕಾಲಿಗಲ್ಲ.

ಮಾವ ಈಗ ಗ್ಯಾರೇಜಿಗೆ ಬರುತ್ತಾರೆ. ಕುಕ್ಕರುಗಾಲಲ್ಲಿ ಕೂರಲಾಗುವುದಿಲ್ಲ. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ನಮ್ಮ ಕೆಲಸ ನೋಡುತ್ತಾರೆ. ಮೊನ್ನೆ ಒಬ್ಬ ಗಿರಾಕಿ ಬಂದಿದ್ದ. ಅವನ ಕಾರಿನ ಬಾಗಿಲಡಿ ತುಕ್ಕು ಕಂಡು ನಾನು ಉಳಿ ಎತ್ತಿಕೊಂಡೆ.

"ಅಯ್ಯೋ, ಅದನ್ಯಾಕೆ ಕೆರೀತೀಯ ಮಾರಾಯ? ಹೊತ್ತಾಗುತ್ತೆ" ಎಂದ ಅವನು. ಮಾವನ ಕಡೆ ತಿರುಗಿ ನಕ್ಕ. "ಮೇಲೊಂದು ಬಣ್ಣದ ಕೋಟು ಹೊಡೆದ್ಬಿಡು ಅನ್ನಿ ಮೇಸ್ತ್ರಿ. ಒಳಗೇನಿದೆ ಅಂತ ಯಾರು ನೋಡ್ತಾರೆ?"

ಹಿಂದಾಗಿದ್ದರೆ ಇಡೀ ಬೀದಿಗೆ ಕೇಳುವ ಹಾಗೆ ಅವನ ಜನ್ಮ ಜಾಲಾಡಿಬಿಡುತ್ತಿದ್ದರು. ನಾನು ಕಾದೆ.

ಮಾವ ಅವನ ಮುಖ ನೋಡಿದರು, ಆಮೇಲೆ ತಮ್ಮ ಕಾಲು ನೋಡಿಕೊಂಡರು. ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡರು. ಬಲಗಾಲಿನ ಹಿಮ್ಮಡಿಯನ್ನಷ್ಟೇ ಊರುತ್ತಾ, ಮೆಲ್ಲಗೆ ಮನೆಯ ಕಡೆ ನಡೆದುಹೋದರು.