ಜೋಳದ ಡಬ್ಬಿಯಲ್ಲಿ ಫೋನು

ಮದುವೆಯ ದಿನಗಳು ಬಂದರೆ ಸಿಂದಗಿಯ ನಮ್ಮ ಖಡಕ್ ರೊಟ್ಟಿ ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಅಂದು ಮಧ್ಯಾಹ್ನಕ್ಕೇ ನಾನು ಸುಸ್ತಾಗಿದ್ದೆ. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಮುದ್ದೇಬಿಹಾಳದ ಮದುವೆ ಮನೆಯವರ ಜೊತೆ ಜಗಳವಾಡುತ್ತಲೇ ರೊಟ್ಟಿ ಬಡಿಯುತ್ತಿದ್ದೆ. ಕೆಳಗೆ ಹಿಟ್ಟು ಉದುರಿಸುವುದನ್ನೇ ಮರೆತಿದ್ದರಿಂದ ಬಡಿಯುವ ಕಲ್ಲಿಗೆ ರೊಟ್ಟಿ ಅಂಟಿಕೊಂಡಿತು. ಬಿಡಿಸಲು ಬಗ್ಗಿದೆ. ಫೋನು ಜಾರಿ, ರೊಟ್ಟಿಗೆ ಸವರುವ ನೀರಿನ ಬೋಗುಣಿಗೆ ಬಿತ್ತು.

“ಜ್ವಾಳದಾಗ ಇಡ್ರಿ ಅಕ್ಕಾರ, ಸಂಜಿಗಿ ಒಣಗತೈತಿ,” ಎಂದಳು ನನ್ನ ಜೊತೆ ಕೆಲಸ ಮಾಡುವ ಹೊನ್ನವ್ವ.

“ಅಲ್ಲೀತನಕ ನಾ ಏನ್ ಮಾಡ್ಲಿ?”

“ರೊಟ್ಟಿ ಬಡೀರಿ.”

ಫೋನನ್ನು ಜೋಳದ ಡಬ್ಬಿಯಲ್ಲಿಟ್ಟು ಸಿಟ್ಟಿನಲ್ಲೇ ಬಡಿಯತೊಡಗಿದೆ. ಬೈಯಲು ಯಾರೂ ಸಿಗದೆ ಕಿವಿ ಖಾಲಿಯಾಗಿತ್ತು. ಆಗ ನನ್ನದೇ ಅಂಗೈಯ ಸದ್ದು ಕೇಳಿಸಿತು. ಹಿಟ್ಟು ಬೆಚ್ಚಗಿತ್ತು. ಬೆರಳುಗಳ ಕೆಳಗೆ ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಗುವುದನ್ನು ಎಷ್ಟೋ ವರ್ಷಗಳ ಮೇಲೆ ಪೂರ್ತಿ ನೋಡಿದೆ. ಹಂಚಿನ ಮೇಲೆ ಅದು ಉಬ್ಬಿದಾಗ ಸುಮ್ಮನೆ ನಗು ಬಂತು. ಸಂಜೆಗೆ ಬುಟ್ಟಿಗಳು ತುಂಬಿದವು, ನನಗಿನ್ನೂ ಹಾಡು ಗುನುಗುವಷ್ಟು ಕಸುವಿತ್ತು. ಫೋನೂ ಬದುಕಿಕೊಂಡಿತು.

ಮರುದಿನ ಕಲ್ಲಿನ ಮುಂದೆ ಕೂರುವ ಮೊದಲೇ ಫೋನನ್ನು ಜೋಳದ ಡಬ್ಬಿಯಲ್ಲಿ ಹೂತೆ.

“ಮತ್ತ ನೀರಾಗ ಬಿತ್ತೇನ್ರಿ?” ಹೊನ್ನವ್ವ ಗಾಬರಿಯಾದಳು.

“ಇಲ್ಲ, ಛಲೋ ಐತಿ. ಬುಟ್ಟಿ ತುಂಬಲಿ, ಆಮ್ಯಾಲ ತೆಗೀತೇನಿ.”

ಡಬ್ಬಿಯೊಳಗೆ ಫೋನು ಗುರುಗುಟ್ಟಿತು, ಮೇಲಿನ ಜೋಳ ಕುಣಿಯಿತು. ನಾನು ಕಲ್ಲಿನ ಮೇಲೆ ಹಿಟ್ಟು ಉದುರಿಸಿದೆ.