ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ

ಕತ್ತನ್ನು ಇನ್ನೊಂದು ಅಂಗುಲ ಎಡಕ್ಕೆ ವಾಲಿಸಿದರೆ ಅತ್ತೆಯ ಮುಖ ಪೂರ್ತಿ ಮುಚ್ಚುತ್ತದೆ, ಮುಚ್ಚಿತು, ಇಲ್ಲ, ಒಂದು ಕಣ್ಣು ಉಳಿದುಕೊಂಡಿತು, ಸೀತಾಲಕ್ಷ್ಮಿಯ ಕಿವಿಯೋಲೆಯ ಪಕ್ಕದಿಂದ ಇಣುಕುವ ಬಲಗಣ್ಣು, ಲ್ಯಾಪ್‌ಟಾಪಿನ ಮೂಲೆಯಲ್ಲಿ ಅಂಚೆಚೀಟಿಯಷ್ಟಗಲ ಕಾಣುವ ಚಿತ್ರದಲ್ಲಿ ಅವಳ ಮುಖಕ್ಕೊಂದು ಹಸಿರು ಚೌಕ, ಹಿಂದಿನ ಗೋಡೆಯ ಆ ಒಂಟಿ ಕಣ್ಣಿನ ಸುತ್ತ ನಡುಗುತ್ತಾ ಮೂಡುತ್ತಿರುವ ಇನ್ನೊಂದು ಹಸಿರು ಚೌಕ, ಇನ್ನೂ ಸ್ವಲ್ಪ ವಾಲಬೇಕು, ಕುತ್ತಿಗೆ ನೋವಿಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವೂ ಹೀಗೇ ಇತ್ತು, ಮಾಡಲಿಲ್ಲ, ಈಗ ಮಾಡು — ಅಭ್ಯರ್ಥಿಯು ನೇರವಾಗಿ ಕುಳಿತುಕೊಳ್ಳತಕ್ಕದ್ದು, ಎಂದು ಪರದೆಯ ಮೇಲೆ ಅಕ್ಷರ ಓಡಿತು. ನೇರ ಕೂತರೆ ಅತ್ತೆ, ವಾಲಿದರೆ ತಕರಾರು, ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಆಗಿರುವುದೇ ಇದು. ಸ್ವಲ್ಪ ಹೊತ್ತಿನ ಕೆಳಗೆ ಮೊದಲನೆಯ ಎಚ್ಚರಿಕೆ ಬಂದಾಗ, ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿ ಇದ್ದಾರೆ, ದಯವಿಟ್ಟು ಅವರನ್ನು ಹೊರಗೆ ಕಳುಹಿಸಿ ಎಂದಾಗ, ಇವರೇ ಇಳಿದು ಬಂದರೇನೋ ಎಂದುಕೊಂಡಿದ್ದಳು, ಗಂಡ ಅನಂತರಾಮು ಬೆಳಗಿನಿಂದ ತಾರಸಿಗೆ ಗಡೀಪಾರಾಗಿದ್ದಾರೆ, ಪೇಪರು, ಕೊಡೆ, ಡಬ್ಬಿಯಲ್ಲಿ ಕೋಡುಬಳೆ ಸಮೇತ, ಮೆಟ್ಟಿಲಲ್ಲಿ ಕೆಮ್ಮಬೇಡಿ ರೀ, ಲ್ಯಾಪ್‌ಟಾಪಿಗೆ ಕೇಳಿಸುತ್ತೆ, ಬಾತ್‌ರೂಮಿಗೆ ಬರಬೇಕಾದ್ರೆ, ತಡ್ಕೊಳ್ಳಿ, ಅಲ್ವೇ ಲಕ್ಷ್ಮೀ, ಪರೀಕ್ಷೆ ನಿನಗೆ, ತಡ್ಕೊಳ್ಳೋದು ನಾನಾ. ಪಾಪ, ಅವರು ಮೇಲೆಯೇ ಇದ್ದರು, ಕೋಡುಬಳೆ ಮುರಿಯುವ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಪರೀಕ್ಷೆಗೆ ಮೊದಲು ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಹಾಲಿನ ನಾಲ್ಕು ಗೋಡೆ, ಟೀಪಾಯಿಯ ಕೆಳಗು, ಸೋಫಾದ ಸಂದಿ ಎಲ್ಲ ತೋರಿಸಿದಾಗ ಗೋಡೆಯ ಫೋಟೋದ ಗಾಜಿನ ಮೇಲೆ ಬಿಸಿಲು ಹೊಳೆದು ಮುಖ ಕಾಣುತ್ತಿರಲಿಲ್ಲ, ಆಮೇಲೆ ಮೋಡ ಕವಿಯಿತು, ಬಿಸಿಲು ಸರಿಯಿತು, ಗಾಜಿನೊಳಗಿಂದ ಅತ್ತೆ ಪಾರ್ವತಮ್ಮ ಹೊರಗೆ ನೋಡಿದರು, ಯಂತ್ರ ಅವರನ್ನು ನೋಡಿತು. ಅವರು ತೀರಿಕೊಂಡು ಮೂರು ವರ್ಷವಾಗಿದೆ.

ಸತ್ತವರು ಸತ್ತಿದ್ದಾರೆಂದು ಒಪ್ಪಿಸುವುದಕ್ಕೆ ಎಷ್ಟು ಕಾಗದ ಬೇಕು ಎನ್ನುವುದು ಸೀತಾಲಕ್ಷ್ಮಿಗೆ ಗೊತ್ತಿಲ್ಲದ್ದಲ್ಲ, ವಿಮಾ ಕಂಪನಿಯ ಜಯನಗರ ಶಾಖೆಯಲ್ಲಿ ಅವಳ ಮೇಜಿಗೆ ಬರುವವರೆಲ್ಲ ಯಾರನ್ನೋ ಕಳೆದುಕೊಂಡವರೇ, ಎಸ್ಸೆಲ್ ಮೇಡಂ ಹತ್ರ ಹೋಗಿ, ಅವರು ಮಾಡಿಕೊಡ್ತಾರೆ, ಎಂದು ವಾಚ್‌ಮನ್ ಕೂಡ ಅವಳನ್ನೇ ತೋರಿಸುತ್ತಿದ್ದ, ಆಮೇಲೆ ಒಂದು ದಿನ ಕ್ಲೇಮುಗಳನ್ನು ಮೊದಲು ಕಂಪ್ಯೂಟರೇ ಓದುತ್ತದೆ ಎಂದು ಸುತ್ತೋಲೆ ಬಂತು, ಅದರ ಜೊತೆ ಕೆಲಸ ಮಾಡುವುದನ್ನು ನೀವು ಕಲಿಯತಕ್ಕದ್ದು, ಮನೆಯಿಂದಲೇ ಪರೀಕ್ಷೆ, ಮೂರು ಅವಕಾಶ, ಮೂರರಲ್ಲೂ ಆಗದವರು ಕನಕಪುರ ರಸ್ತೆಯ ಆಚೆ ಹಳೆಯ ಕಡತಗಳ ಗೋದಾಮಿಗೆ. ವಿಷ್ಣು ಆಗಲೇ ಹೋಗಿದ್ದಾನೆ, ಪಕ್ಕದ ಮೇಜಿನ ವಿಷ್ಣು, ದಿನಾ ವಾಟ್ಸಾಪಿನಲ್ಲಿ ಅಲ್ಲಿನ ಹೆಗ್ಗಣದ ಫೋಟೋ ಹಾಕುತ್ತಾನೆ, ಇದು ನಮ್ಮ ಹೊಸ ಮ್ಯಾನೇಜರು ಮೇಡಂ, ಬೇಗ ಬನ್ನಿ, ಮೀಟಿಂಗ್ ಇದೆ. ನಗು ಬರುತ್ತದೆ, ಆದರೆ ಎರಡು ಅವಕಾಶ ಮುಗಿದಿವೆ, ಇದೇ ಕೊನೆಯದು. ಪರದೆಯ ಮೇಲೆ ಪಾಠ ಹೇಳುವುದು ಒಂದು ಕಾರ್ಟೂನ್ ಗಿಳಿ, ತಲೆಗೆ ಪದವೀದಾನದ ಕರೀ ಟೋಪಿ, ಅದ್ಭುತ ಸೀತಾ, ನೀವು ಪುಟ ತಿರುಗಿಸಿದಿರಿ, ತಪ್ಪು ಉತ್ತರ ಒತ್ತಿದರೆ ಒಳ್ಳೆಯ ಪ್ರಯತ್ನ ಸೀತಾ, ಒತ್ತದೆ ಸುಮ್ಮನೆ ಕೂತರೆ ನೀವು ಯೋಚಿಸುತ್ತಿದ್ದೀರಿ, ನಮಗೆ ಹೆಮ್ಮೆ, ಒಂದು ಸಂಜೆ ಬೀನ್ಸ್ ಬಿಡಿಸುತ್ತಾ ಅದನ್ನು ಮರೆತೇಬಿಟ್ಟಿದ್ದಕ್ಕೆ ತಾಳ್ಮೆಯ ಆಮೆ ಎಂಬ ಪದಕ ಬಂತು. ಹುಟ್ಟಿದಾಗಿನಿಂದ ಅವಳಿಗೆ ಬಿದ್ದ ಹೊಗಳಿಕೆಯನ್ನೆಲ್ಲ ಗುಡ್ಡೆ ಹಾಕಿದರೂ ಆ ಗಿಳಿಯ ಒಂದು ವಾರದ ಹೊಗಳಿಕೆಗೆ ಸಮನಾಗುವುದಿಲ್ಲ, ಆದರೂ ಎರಡು ಸಲ ಫೇಲು, ಫೇಲಾದಾಗಲೂ ಬಣ್ಣದ ಕಾಗದ ಎರಚಿ ನೀವು ಗೆಲುವಿನ ಹತ್ತಿರದಲ್ಲಿದ್ದೀರಿ ಎಂದಿತು. ತರಬೇತಿಗೆ ಬಂದಿದ್ದ ಹುಡುಗಿ ಧೃತಿ, ಜೇನಿನಂಥ ಹುಡುಗಿ, ಭುಜ ಮುಟ್ಟಿ ಹೇಳಿದ್ದಳು, ಮೇಡಂ, ನೀವು ಕಂಪ್ಯೂಟರಿಗೆ ನಮಸ್ಕಾರ, ಊಟ ಆಯ್ತಾ ಅಂತೆಲ್ಲ ಟೈಪ್ ಮಾಡ್ಬೇಕಾಗಿಲ್ಲ, ಸೀದಾ ಪ್ರಶ್ನೆ ಕೇಳಿ. ಊಟ ಆಯ್ತಾ ಅಂತ ಕೇಳಲಿಲ್ಲಮ್ಮ, ನಮಸ್ಕಾರ ಅಷ್ಟೇ. ಸರಿ ಮೇಡಂ, ಸೂಪರ್ ಮೇಡಂ. ಅವಳೂ ಗಿಳಿಯೇ.

ಅತ್ತೆ ಹೊಗಳಿದವರಲ್ಲ. ಬೈದವರೂ ಅಲ್ಲ, ಬೈದಿದ್ದರೆ ಎದುರು ಮಾತಾಡಬಹುದಿತ್ತು, ಅಡುಗೆಮನೆಯ ಬಾಗಿಲ ಹತ್ತಿರ ಒಂದು ಮರದ ಸ್ಟೂಲು, ಅದರ ಮೇಲೆ ಅವರು, ಇವಳ ಬೆನ್ನ ಹಿಂದೆ, ಸಾರಿಗೆ ಇಂಗು ಹಾಕುವ ಕೈ ಒಂದು ಕ್ಷಣ ಅನುಮಾನಿಸಿದರೆ ಹಿಂದಿನಿಂದ ಹ್ಮ್, ಒಂದೇ ಒಂದು ಹ್ಮ್, ಹೆಚ್ಚಾಯಿತು ಎಂದಲ್ಲ, ಕಡಿಮೆ ಎಂದಲ್ಲ, ಇನ್ನೊಂದು ಸಲ ಯೋಚನೆ ಮಾಡು ಎಂದಷ್ಟೇ, ಆ ಸ್ಟೂಲನ್ನು ಎಷ್ಟು ಸಲ ಮನಸ್ಸಿನಲ್ಲೇ ಒಲೆಗೆ ಹಾಕಿದ್ದಾಳೆ, ಬೆನ್ನಿಗೆ ಕಣ್ಣಿಲ್ಲದ ಒಂದು ಮನೆ ಸಿಕ್ಕರೆ ಸಾಕಪ್ಪ ದೇವರೇ ಎಂದು ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವಾಗ ಕೇಳಿಕೊಂಡದ್ದೂ ಉಂಟು, ದೇವಿ ನಕ್ಕಿರಬೇಕು. ಆಫೀಸಿಗೆ ಸೇರಿದ ಹೊಸದರಲ್ಲಿ ಬಡ್ತಿ ಪರೀಕ್ಷೆ, ಓದಲು ಹೊತ್ತಿಲ್ಲ, ಒಂದು ಕೈಯಲ್ಲಿ ಚಪಾತಿ ಒಂದು ಕೈಯಲ್ಲಿ ಪುಸ್ತಕ, ಪುಟಕ್ಕೆಲ್ಲ ಹಿಟ್ಟು, ಅತ್ತೆ ಸ್ಟೂಲಿನಿಂದ ಕೈ ಚಾಚಿ ಪುಸ್ತಕ ಕಿತ್ತುಕೊಂಡರು, ಇನ್ನು ಪರೀಕ್ಷೆಯ ಕತೆ ಮುಗಿಯಿತು ಎಂದುಕೊಂಡಳು, ಕಿತ್ತುಕೊಂಡು ತೊಡೆಯ ಮೇಲೆ ತಲೆಕೆಳಗಾಗಿ ಹಿಡಿದು, ಇಂಗ್ಲಿಷ್ ಅವರಿಗೆ ಒಂದಕ್ಷರ ಬಾರದು, ಹೇಳು ಎಂದರು. ಏನು ಹೇಳಲಿ ಅತ್ತೆ. ಓದಿರೋದನ್ನ ಹೇಳು, ಲಟ್ಟಿಸ್ತಾ ಹೇಳು. ಹೇಳಿದಳು, ಪಾಲಿಸಿ, ನಾಮಿನಿ, ಸರೆಂಡರ್ ವ್ಯಾಲ್ಯೂ, ಎಲ್ಲಿ ಸ್ವರ ತಡವರಿಸಿತೋ ಅಲ್ಲಿ ಸರಿಯಾಗಿ ಹ್ಮ್, ಚಪಾತಿ ಲಟ್ಟಣಿಗೆಯ ಕೆಳಗೆ ನಿಂತಿತು, ಮತ್ತೆ ಮೊದಲಿಂದ. ಗಂಟಲನ್ನು ಓದುತ್ತಿದ್ದರು ಆ ಹೆಂಗಸು. ಪಾಸಾದ ದಿನ ಪೇಡ ಕೊಟ್ಟರೆ ಬಾಯಿಗೆ ಹಾಕಿಕೊಂಡು ಸಕ್ಕರೆ ಮುಂದಾಗಿದೆ ಎಂದರು, ಅದಕ್ಕೆ ಅವಳು ಅಳುತ್ತಾ ಮಲಗಿದ್ದಳು, ಈಗಲೂ ಆ ಪೇಡದ ಸಿಟ್ಟು ಪೂರ್ತಿ ಇಳಿದಿಲ್ಲ.

ಕ್ಲೇಮೊಂದನ್ನು ಯಂತ್ರವು ಅನುಮಾನಾಸ್ಪದ ಎಂದು ಗುರುತಿಸಿದಾಗ ನೌಕರರು ಮೊದಲು ಏನು ಮಾಡಬೇಕು — ಪ್ರಶ್ನೆ ಬಂದಿದೆ, ಓದು, ಮೊದಲನೆಯದು ತಿರಸ್ಕರಿಸಬೇಕು, ಎರಡನೆಯದು ಯಂತ್ರದ ಸಲಹೆಯಂತೆ ನಡೆಯಬೇಕು, ಮೂರನೆಯದು ಅನುಮಾನದ ಕಾರಣವನ್ನು ತಾವೇ ಪರಿಶೀಲಿಸಬೇಕು, ಗಿಳಿ ಎಲ್ಲದಕ್ಕೂ ನಿಮ್ಮ ಸಹಾಯಕನನ್ನು ನಂಬಿ ಎನ್ನುತ್ತಿತ್ತಲ್ಲ, ಹಾಗಾದರೆ ಎರಡನೆಯದು, ಬೆರಳು ಎರಡರ ಮೇಲೆ ಹೋಯಿತು, ನಿಂತಿತು, ಹ್ಮ್. ಬೆರಳು ಮೂರಕ್ಕೆ ಜಾರಿ ಒತ್ತಿತು, ಸರಿ, ಸರಿಯಾಗಿಯೇ ಇರಬೇಕು, ಮುಂದಿನದೂ ಹಾಗೇ ಆಯಿತು, ಅದರ ಮುಂದಿನದೂ, ಈ ಸಲ ಓದಿದ್ದೇ ಹಾಗೆ, ಗಿಳಿಯ ಬಾಯಿ ಮುಚ್ಚಿಸಿ, ಬೀನ್ಸಿನ ಮೊರ ಹಿಡಿದು ಈ ಫೋಟೋದ ಎದುರೇ ಕೂತು ಗಟ್ಟಿಯಾಗಿ ಒಪ್ಪಿಸಿದ್ದು, ಯಾರ ಹತ್ರ ಮಾತಾಡ್ತಿದ್ದೀಯ ಲಕ್ಷ್ಮೀ, ಯಾರ ಹತ್ರಾನೂ ಇಲ್ಲ, ಸುಮ್ನಿರಿ. ಬಸ್ ಪಾಸಿಗೆಂದು ಫೋರ್ತ್ ಬ್ಲಾಕಿನ ಸ್ಟುಡಿಯೋದಲ್ಲಿ ತೆಗೆಸಿದ್ದನ್ನೇ ದೊಡ್ಡದು ಮಾಡಿಸಿದ ಫೋಟೋ, ಸ್ವಲ್ಪ ನಗಿ ಅಜ್ಜಿ ಎಂದ ಫೋಟೋಗ್ರಾಫರನನ್ನೇ ದಿಟ್ಟಿಸಿ ನೋಡಿದ ಮುಖ, ಇವತ್ತು ಬೆಳಗ್ಗೆ ಗಾಜು ಒರೆಸಿ ಗಂಧದ ಬೊಟ್ಟಿಟ್ಟಳಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಕಾಣುತ್ತಿದ್ದಾರೆ, ತಪ್ಪು ಅವಳದೇ. ಅಭ್ಯರ್ಥಿಯ ತುಟಿ ಅಲುಗುತ್ತಿದೆ, ಕೋಣೆಯಲ್ಲಿ ಇನ್ನೊಬ್ಬ ವ್ಯಕ್ತಿಯ ನೆರವು ಪಡೆಯುತ್ತಿರುವ ಶಂಕೆ, ಎರಡನೆಯ ಎಚ್ಚರಿಕೆ — ಅವಳು ಬೆಚ್ಚಿ ನೇರವಾದಳು, ಮೂಲೆಯ ಚಿತ್ರದಲ್ಲಿ ಅವಳ ಮುಖದ ಚೌಕ ಹಳದಿಯಾಗಿ ಕೆಂಪಾಗಿ ಹೊಯ್ದಾಡಿ ಆರಿಹೋಯಿತು, ಅತ್ತೆಯ ಚೌಕ ಮಾತ್ರ ಗಟ್ಟಿ ಹಸಿರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಅಭ್ಯರ್ಥಿ. ಹೌದು ಮತ್ತೆ, ಅಲುಗುವುದಿಲ್ಲ, ಅತ್ತಿತ್ತ ನೋಡುವುದಿಲ್ಲ, ತುಟಿ ಬಿಚ್ಚುವುದಿಲ್ಲ, ಅವರಿಗಿಂತ ಒಳ್ಳೆಯ ಅಭ್ಯರ್ಥಿ ಯಂತ್ರಕ್ಕೆ ಎಲ್ಲಿ ಸಿಗಬೇಕು.

ನಮಸ್ಕಾರ್ರಿ ಮೇಡಂ, ಎಂದು ಲ್ಯಾಪ್‌ಟಾಪು ಗಂಡಸಿನ ದನಿಯಲ್ಲಿ ಮಾತಾಡಿತು, ಪರೀಕ್ಷಾ ನೋಡ್ಕೊಳ್ಳಾಂವ ನಾನು, ಸಂಗಮೇಶ ಅಂತ್ರಿ, ನಿಮ್ಮ ಹಿಂದ ಯಾರೋ ಅದಾರಲ್ರಿ, ಅವ್ರನ್ನ ಸ್ವಲ್ಪ ಹೊರಗ ಕಳಸ್ರಿ. ಉತ್ತರದ ಕಡೆಯ ಹುಡುಗ, ಬಿಟಿಎಂ ಲೇಔಟಿನ ಯಾವುದೋ ರೂಮಿನಲ್ಲಿ ಕೂತಿರಬೇಕು, ಹಿಂದಿನಿಂದ ಕುಕ್ಕರ್ ಕೂಗುತ್ತಿದೆ. ಅದು ಫೋಟೋ ಕಣಪ್ಪ, ಎಂದಳು ಸೀತಾಲಕ್ಷ್ಮಿ, ನಮ್ಮತ್ತೆ, ಹೋಗಿ ಮೂರು ವರ್ಷ ಆಯ್ತು. ಎಲ್ಲಿಗೆ ಹೋಗ್ಯಾರ್ರಿ. ತೀರಿಹೋಗಿದ್ದಾರಪ್ಪ. ಆ ಕಡೆ ಕುಕ್ಕರಿನ ಇನ್ನೊಂದು ಕೂಗು. ಅಯ್ಯ, ತಪ್ಪು ತಿಳ್ಕೋಬ್ಯಾಡ್ರಿ ಮೇಡಂ, ಇಲ್ಲಿ ಸಿಸ್ಟಮ್ ಅವ್ರನ್ನ ಜೀವಂತ ಅಂತ ತೋರಸಾಕತ್ತೈತಿ. ಡೆತ್ ಸರ್ಟಿಫಿಕೇಟ್ ಇದೆ, ತೋರಿಸಲಾ, ಮೂರು ಜೆರಾಕ್ಸ್ ಇದೆ. ಅದನ್ನ ಹಾಕಾಕ ನನ್ನ ಕಡೆ ಜಾಗಾನ ಇಲ್ರಿ, ಎರಡಽ ಬಟನ್ ಅದಾವು, ವ್ಯಕ್ತಿ ಹೊರಗೆ ಹೋದರು ಅಂತ ಒಂದು, ಪರೀಕ್ಷೆ ರದ್ದು ಅಂತ ಒಂದು. ಎಂಥ ಮೇಜು ಕೊಟ್ಟಿದ್ದಾರೆ ಪಾಪ ಈ ಹುಡುಗನಿಗೆ, ಅವಳ ಮೇಜಿನಲ್ಲಾದರೆ ಅಳುವವರಿಗೆ ನೀರು ಕೊಡುವುದಕ್ಕಾದರೂ ಜಾಗವಿದೆ, ಸದ್ಯಕ್ಕೆ ಇದೆ. ನಿನ್ನ ಬೇಳೆ ಬೆಂದಿದೆ, ಮೊದಲು ಹೋಗಿ ಒಲೆ ಆರಿಸಿ ಬಾ, ಎಂದಳು. ಹೂನ್ರಿ, ಎಂದು ಅವನು ಎದ್ದು ಹೋದ, ಬಂದ. ಮೇಡಂ ಈಗ, ಅದು ಏನಂದ್ರ, ಹೆಂಗ ಮಾಡೂಣು ಅಂದ್ರ — ತಡವರಿಸಿದ, ಹ್ಮ್ ಎಂದಿತು ಯಾರದೋ ಗಂಟಲು, ಅವಳು ತಿರುಗಿ ನೋಡಬೇಕೆಂದುಕೊಂಡಳು, ನೋಡಲಿಲ್ಲ, ಗಂಟಲು ಅವಳದೇ. ಹೂನ್ರಿ ಹೇಳ್ತೀನ್ರಿ, ಎಂದು ಹುಡುಗ ಚುರುಕಾದ, ನೀವು ಎದ್ದು ಆ ಫೋಟೋನ ಗ್ವಾಡಿ ಕಡೆ ಮಾರಿ ಮಾಡಿ ತಿರುಗ್ಸಿ ಇಡ್ರಿ, ಆಮ್ಯಾಲ ಕ್ಯಾಮೆರಾ ನೋಡಿ, ಈ ಕೋಣೆಯಲ್ಲಿ ನನಗೆ ಯಾರ ನೆರವೂ ಇರಲಿಲ್ಲ ಅಂತ ಒಂದ್ ಮಾತು ಹೇಳ್ರಿ, ನಾ ಬಟನ್ ಒತ್ತತೀನಿ, ಇನ್ನ ಮೂರಽ ಪ್ರಶ್ನಿ ಉಳ್ದಾವು, ಹೇಳಬಾರದು ಆದ್ರೂ ಹೇಳ್ತೀನ್ರಿ, ನೀವು ಪಾಸಾಗೂ ಹಂಗ ಅದೀರಿ.

ಪಾಸು. ಜಯನಗರದ ಮೇಜು, ಕಿಟಕಿಯಾಚೆಯ ಹೊಂಗೆಮರ, ಎಸ್ಸೆಲ್ ಮೇಡಂ ಹತ್ರ ಹೋಗಿ, ಇಲ್ಲವಾದರೆ ಎರಡು ಬಸ್ಸು ಬದಲಿಸಿ ಗೋದಾಮು, ಹೆಗ್ಗಣದ ಕೈಕೆಳಗೆ ನೌಕರಿ, ಎರಡೇ ನಿಮಿಷದ ಕೆಲಸ, ಮೊಳೆಯಿಂದ ತೆಗೆದು ತಿರುಗಿಸಿ ನೇತುಹಾಕುವುದು, ಅತ್ತೆಯ ಮೂಗಿಗೆ ಸುಣ್ಣ ತಗಲುತ್ತದೆ ಅಷ್ಟೇ, ಎಷ್ಟು ವರ್ಷ ಕೇಳಿಕೊಂಡದ್ದು ಇದನ್ನೇ ಅಲ್ಲವೇ, ಬೆನ್ನಿಗೆ ಕಣ್ಣಿಲ್ಲದ ಮನೆ, ಬಾಗಿಲಿಗೆ ಬಂದು ನಿಂತಿದೆ, ತಗೋ — ಯಾರ ನೆರವೂ ಇರಲಿಲ್ಲ, ಬಾಯೊಳಗೇ ಒಮ್ಮೆ ಹೇಳಿ ನೋಡಿದಳು, ಯಾರ ನೆರವೂ, ನಾಲಗೆ ಅಲ್ಲೇ ಎಡವಿತು, ತಾರಸಿಯ ಮೆಟ್ಟಿಲಲ್ಲಿ ಕೆಮ್ಮು, ಲಕ್ಷ್ಮೀ, ಮುಗೀತೇನೇ, ಇನ್ನು ತಡ್ಕೊಳ್ಳೋಕಾಗಲ್ಲ, ಮೇಡಂ ಏಳ್ರಿ, ಟೈಮ್ ಓಡಾಕತ್ತೈತಿ, ಮೂಲೆಯ ಅಂಚೆಚೀಟಿಯಲ್ಲಿ ಅವಳ ಮುಖಕ್ಕೆ ಇನ್ನೂ ಚೌಕವಿಲ್ಲ, ಹಿಂದೆ ಗೋಡೆಯ ಮೇಲೆ, ಗಂಧದ ಬೊಟ್ಟಿನ ಸುತ್ತ, ಗಟ್ಟಿ ಹಸಿರು ಚೌಕ, ಅಲುಗದ ಚೌಕ, ಅದರೊಳಗೆ ರೆಪ್ಪೆ ಬಡಿಯದ ಎರಡು ಕಣ್ಣು, ಕಾಯುತ್ತಿರುವ ಎರಡು ಕಣ್ಣು, ಚೌಕ, ಹಸಿರು ಚೌಕ.

ತಿರುಗಿಸಲ್ಲಪ್ಪ, ಎಂದಳು ಸೀತಾಲಕ್ಷ್ಮಿ.