ತೊಟ್ಟಿಯ ತಿಳಿನೀರು

ಇಳಕಲ್ಲಿಗೆ ಹೊರಟ ಬಸ್ಸು ಅಮೀನಗಡದಲ್ಲಿ ನಿಂತಾಗ ಸುಧಾರಾಣಿಯ ಮೊಬೈಲಿಗೆ ಒಂದು ಫೋಟೋ ಬಂತು. ಕಳಿಸಿದವನು ಗೌತಮ, ಅವಳ ಎಂಜಿನಿಯರಿಂಗ್ ವಿದ್ಯಾರ್ಥಿ. ಬಾಗಲಕೋಟೆಯ ಕಾಲೇಜಿನಲ್ಲಿ ಅವಳು ಸುಸ್ಥಿರತೆಯ ಪಾಠ ಹೇಳುತ್ತಿದ್ದಳು. ಪಾಠ ಪುಸ್ತಕದೊಳಗೇ ಉಳಿಯಬಾರದೆಂದು ಹುಡುಗರನ್ನು ಇಳಕಲ್ಲಿಗೆ ಕಳಿಸಿ, ನೂಲಿಗೆ ಬಣ್ಣ ಹಾಕುವ ಅಲ್ಲಾಸಾಬನ ಮನೆಯ ಹಿತ್ತಲಲ್ಲಿ ಮರಳು, ಇದ್ದಿಲು ತುಂಬಿದ ಸೋಸುಗ ಕಟ್ಟಿಸಿ, ಅದರ ಬುಡಕ್ಕೊಂದು ತೊಟ್ಟಿ ಇಡಿಸಿದ್ದಳು. ಸೀರೆಯ ನೂಲು ಅದ್ದಿದ ಕೆಂಪು ನೀರು ಅಲ್ಲಿಯವರೆಗೆ ಹಾಗೇ ಹಳ್ಳ ಸೇರುತ್ತಿತ್ತು. ಇವತ್ತು ಮಧ್ಯಾಹ್ನ ಹೊರಗಿನ ಪರೀಕ್ಷಕರು ಬಂದು ನೋಡಿ ಅಂಕ ಕೊಡುವವರಿದ್ದರು.

ಫೋಟೋದಲ್ಲಿ ತೊಟ್ಟಿಯ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಗೆದ್ದೆವೆಂದು ಹುಡುಗ ಕೆಳಗೆ ಬರೆದಿದ್ದ. ಅವಳ ಮುಖ ಅರಳಿತು. ಆಮೇಲೆ ಕಣ್ಣು ತೊಟ್ಟಿಯ ಅಂಚಿಗೆ ಜಾರಿತು. ಹಸಿ ಮಣ್ಣಿನ ತುಂಬ ಸೀಳು ಗೊರಸಿನ ಗುರುತು. ಕುರಿಗಾರರ ದೇವರು ಬೀರಪ್ಪನಿಗೆ ನಡೆದುಕೊಳ್ಳುವ ಮನೆಯಲ್ಲಿ, ಕುರಿಗಳ ನಡುವೆ ಬೆಳೆದವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ.

ಇದ್ದಿಲು ಹೀರಿದ್ದು ಬಣ್ಣವನ್ನಷ್ಟೇ. ಬಣ್ಣದ ಜೊತೆ ಹಾಕುವ ಕಾಸ್ಟಿಕ್ ಸೋಡಾ ನೀರಿನಲ್ಲೇ ಉಳಿದಿದ್ದರೆ? ಪ್ರಯೋಗಾಲಯದ ವರದಿ ಇನ್ನೂ ಬಂದಿರಲಿಲ್ಲ. ನೀರು ಕೆಂಪಗಿದ್ದಷ್ಟು ದಿನ ಯಾವ ಕುರಿಗಾರನೂ ಅತ್ತ ಹಿಂಡು ತಿರುಗಿಸಿರಲಿಲ್ಲ. ಹೆದರಿಸುತ್ತಿದ್ದುದನ್ನು ತೆಗೆದು, ಕೊಲ್ಲುವುದನ್ನು ಉಳಿಸಿದಂತಾಯಿತಲ್ಲ. ಬಣ್ಣ ಹೋಗುತ್ತದೋ ಇಲ್ಲವೋ ನೋಡಿ ಎಂದು ಹುಡುಗರಿಗೆ ಹೇಳಿಕೊಟ್ಟವಳೂ ತಾನೇ.

ಫೋನು ಮಾಡಿದಳು. ಗೌತಮ ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ. ಬಸ್ಸು ಹುನಗುಂದದಲ್ಲಿ ಜನ ಹತ್ತಿಸಿಕೊಳ್ಳುತ್ತ ಆರಾಮವಾಗಿ ನಿಂತುಬಿಟ್ಟಿತು. ಮೂಕ ಜೀವಗಳನ್ನು ನೀನೇ ತಡೆದು ನಿಲ್ಲಿಸಪ್ಪ ಎಂದು ಬೀರಪ್ಪನನ್ನು ನೆನೆಯುತ್ತ, ಸೀಟಿನ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಳು.

ಹಿತ್ತಲು ಮುಟ್ಟಿದಾಗ ಗೌತಮ ಸೋಸುಗಕ್ಕೆ ಹೂವಿನ ಮಾಲೆ ಹಾಕುತ್ತಿದ್ದ, ಫೋನು ಚೀಲದಲ್ಲಿತ್ತು. ಬೇಲಿಯಾಚೆಯಿಂದ ಕುರಿಗಾರ ಹನಮಪ್ಪನ ಕುರಿಗಳು ಧೂಳೆಬ್ಬಿಸುತ್ತ ಬರುತ್ತಿದ್ದವು.

"ಯಣ್ಣಾ, ಮುಂಜಾನೆ ಇವು ಬಾಯಿ ಹಾಕ್ಯಾವೇನು?" ಅವಳು ಹನಮಪ್ಪನನ್ನು ಕೇಳಿದಳು.

"ಇಲ್ರೀ ಅಕ್ಕಾರ. ನೀರು ತಳದಾಗಿತ್ತು, ನಿಲುಕಲಿಲ್ಲ. ಮಧ್ಯಾಹ್ನ ತುಂಬ್ತೇತಿ, ಹೊಡಕೊಂಡು ಬಾ ಅಂತ ಈ ತಮ್ಮಾನ ಹೇಳಿದ್ದ."

ಗೌತಮ ಹೆಮ್ಮೆಯಿಂದ ನಕ್ಕ. ತೊಟ್ಟಿ ತುಂಬಿತ್ತು. ಮುಂದಿನ ಟಗರು ಆಗಲೇ ಕತ್ತು ಚಾಚಿತ್ತು.

ಸುಧಾರಾಣಿ ಅದರ ಕೊಂಬು ಹಿಡಿದು ಪಕ್ಕಕ್ಕೆ ನೂಕಿದಳು. ತೊಟ್ಟಿಯಿಂದ ಹಳ್ಳಕ್ಕೆ ಹೋಗುವ ಕೊಳವೆಯ ಬಾಯಿಗೆ ಅರಿವೆ ತುರುಕಿ, ಒಳಗಿನ ಬಣ್ಣದ ಹಂಡೆಯಿಂದ ಒಂದು ಬಕೆಟ್ ಕೆಂಪು ನೀರು ತಂದು ತಿಳಿನೀರಿಗೆ ಸುರಿದಳು. ಬಾಗಿಲಲ್ಲಿ ನಿಂತ ಅಲ್ಲಾಸಾಬ ಬಾಯಿ ತೆರೆದವನು ಮುಚ್ಚಲಿಲ್ಲ.

"ಮೇಡಮ್, ಸಾಹೇಬ್ರು ಈಗ ಬರ್ತಾರ್ರೀ," ಎಂದ ಗೌತಮ.

"ಬರ್ಲಿ. ಬಣ್ಣ ಹೋಗೇತಿ, ಸೋಡಾ ಹೋಗೇತೇನು? ಈ ನೀರು ನೀ ಒಂದು ಗುಟುಕು ಕುಡೀತಿಯೇನು?"

ಅವನು ತೊಟ್ಟಿ ನೋಡಿದ, ಕುರಿಗಳನ್ನು ನೋಡಿದ.

ಚಂದದ ನೀರು ಕೆಡಿಸಿದಿರೆಂದು ಗೊಣಗುತ್ತ ಹನಮಪ್ಪ ಸಿಳ್ಳು ಹಾಕಿ ಹಿಂಡನ್ನು ಹೊರಳಿಸಿದ. ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಗೌತಮ ಸುಧಾರಾಣಿಯಿಂದ ಬಕೆಟ್ ಇಸಿದುಕೊಂಡು, ತೊಟ್ಟಿಯಲ್ಲಿ ಇನ್ನೂ ತಿಳಿಯಾಗಿಯೇ ಇದ್ದ ಮೂಲೆಗೂ ಕೆಂಪು ನೀರು ಸುರಿಯಲು ಹಂಡೆಯತ್ತ ನಡೆದ.